ಕೃತಕ ಬುದ್ಧಿಮತ್ತೆ ಕಲಿಯಲು ಯಾವ ಆ್ಯಪ್? 41 ದಿನ ಕಲಿತ ಮೇಲೆ ಕೇಳುತ್ತಿದ್ದೇನೆ

ಲೆಕ್ಕದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ಇಪ್ಪತ್ತೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ವಯಸ್ಸು 46. ಬಿ.ಕಾಂ. ಓದಿದ್ದು. ಕಂಪ್ಯೂಟರಿನಲ್ಲಿ ಟ್ಯಾಲಿ ಮತ್ತು ಎಕ್ಸೆಲ್ ಚೆನ್ನಾಗಿ ಗೊತ್ತು, ಅದರಾಚೆ ಏನೂ ಗೊತ್ತಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಸಭೆಗೆ ಒಬ್ಬರು ಬಂದು, ಕ್ಯಾಮೆರಾದಿಂದ ನೋಡಿ ಅಡಿಕೆ ವಿಂಗಡಿಸುವ ಯಂತ್ರದ ಬಗ್ಗೆ ಒಂದು ಗಂಟೆ ವಿವರಿಸಿದರು. ಕೃತಕ ಬುದ್ಧಿಮತ್ತೆ ಎಂಬ ಮಾತು ಇಪ್ಪತ್ತು ಸಲವಾದರೂ ಬಂದಿರಬೇಕು. ನಿರ್ದೇಶಕರೆಲ್ಲ ತಲೆಯಾಡಿಸಿದರು. ಕೊನೆಯಲ್ಲಿ "ಏನಾದರೂ ಪ್ರಶ್ನೆ ಇದೆಯೇ?" ಎಂದಾಗ ಏನೋ ಕೇಳಬೇಕು ಅನಿಸಿತು, ಆದರೆ ಏನು ಕೇಳಬೇಕು ಎಂದೇ ಹೊಳೆಯಲಿಲ್ಲ. ಹಣ ಕೊಡುವುದು ಸದಸ್ಯರದ್ದು, ಬೆಲೆ ಸಿಗುವುದು ವಿಂಗಡಣೆಯ ಮೇಲೆ. ನನಗೆ ಅದು ಮನಸ್ಸಿನಲ್ಲಿ ಕೊರೆಯಲು ಶುರುವಾಯಿತು.

ಮನೆಗೆ ಬಂದು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆ. ಏಳು ದಿನ ಉಚಿತ ಎಂದಿತ್ತು, ಎಂಟನೆಯ ದಿನ ಮೂರು ತಿಂಗಳ ಚಂದಾ ಖಾತೆಯಿಂದ ಹೋಯಿತು. ಹೋಗಲಿ ಎಂದು ಬಿಡದೆ 41 ದಿನ ಕಲಿತೆ. ದಿನಕ್ಕೆ ಹತ್ತು ನಿಮಿಷ, ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವುದು, ಸರಿಯಾದರೆ ಘಂಟೆಯ ಸದ್ದು, ಅಂಕ, ಪದಕ. ಒಂದು ರಾತ್ರಿ ಅಡುಗೆಮನೆಯಲ್ಲಿ, ಪಿಯುಸಿ ಎರಡನೇ ವರ್ಷದಲ್ಲಿರುವ ಮಗಳು ಕೇಳಿದಳು: "ಅಮ್ಮಾ, ಯಂತ್ರಕ್ಕೆ ತರಬೇತಿ ಕೊಡುತ್ತಾರೆ ಅನ್ನುತ್ತಾರಲ್ಲ, ಏನನ್ನು ಕೊಡುತ್ತಾರೆ? ಅದು ಏನು ಮಾಡಿಕೊಳ್ಳುತ್ತದೆ?" ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಆ ಪಾಠದಲ್ಲಿ ನನಗೆ ನೂರಕ್ಕೆ ನೂರು ಬಂದಿತ್ತು.

ನನ್ನ ಬಳಿ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಇದೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ನಿಧಾನ. ದಿನಕ್ಕೆ ಮುಕ್ಕಾಲು ಗಂಟೆ ಮೀಸಲಿಡಬಲ್ಲೆ. ಯಾವ ಆ್ಯಪ್ ಹಿಡಿಯಲಿ? ಇನ್ನೊಮ್ಮೆ ಹಣ ಕಟ್ಟುವ ಮೊದಲು ತಿಳಿದವರ ಮಾತು ಕೇಳೋಣ ಎಂದು ಬರೆದಿದ್ದೇನೆ.

ಬಸವೇಶ್ವರನಗರ

ಮೇಡಂ, ಮೊದಲು ಆ ಚಂದಾ ನಿಲ್ಲಿಸಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಖಾತೆಯ ಚಂದಾ ವಿಭಾಗಕ್ಕೆ ಹೋಗಿ ಅಲ್ಲಿ ರದ್ದು ಮಾಡಬೇಕು. ಯುಪಿಐ ಮೂಲಕ ಕಟ್ಟಿದ್ದರೆ ಆ ಯುಪಿಐ ಆ್ಯಪಿನಲ್ಲಿ ಆಟೊಪೇ ಪಟ್ಟಿಯನ್ನೂ ಒಮ್ಮೆ ನೋಡಿಬಿಡಿ.

ಕಲಿಕೆಗೆ ನನ್ನ ಸಲಹೆ ಕ್ಯಾಗಲ್ ತಾಣದ ಕಿರು ಪಾಠಗಳು. ಪೂರ್ತಿ ಉಚಿತ. ಮೊದಲು ಪೈಥಾನ್ ಎಂಬ ಕೋಡ್ ಬರೆಯುವ ಭಾಷೆ, ಆಮೇಲೆ ಯಂತ್ರ ಕಲಿಕೆಯ ಪರಿಚಯ, ಅಂದರೆ ಯಂತ್ರ ಉದಾಹರಣೆಗಳಿಂದ ಕಲಿಯುವ ಬಗೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನೂ ಹಾಕಿಕೊಳ್ಳಬೇಕಾಗಿಲ್ಲ, ಕೋಡ್ ಓಡುವುದು ಅವರ ಕಂಪ್ಯೂಟರಿನಲ್ಲಿ, ನಿಮಗೆ ಬ್ರೌಸರ್ ಸಾಕು. ಪ್ರತಿ ಪಾಠದ ಕೊನೆಗೆ ಅಭ್ಯಾಸವಿದೆ, ನೀವೇ ಸಾಲು ಬರೆದು ಪರೀಕ್ಷಿಸಬೇಕು. ಸಿಕ್ಕಿಹಾಕಿಕೊಂಡರೆ ಸುಳಿವು ಕೇಳಬಹುದು. ಎಕ್ಸೆಲ್ ಸೂತ್ರ ಬರೆಯುವ ಕೈಗೆ ಪೈಥಾನ್ ಕಷ್ಟವಾಗುವುದಿಲ್ಲ. ಕೋಡ್ ಬರೆಯದೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ ಎಂಬುದು ನನ್ನ ಅನುಭವ.

ಗಣಿತ ಮೇಷ್ಟ್ರು, ತರೀಕೆರೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 41 ದಿನ ವ್ಯರ್ಥವಾಯಿತು ಎಂದು ಅಂದುಕೊಳ್ಳಬೇಡಿ. ಮಗಳ ಪ್ರಶ್ನೆಗೆ ಮಾತು ಬರಲಿಲ್ಲ ಎಂದು ನಿಮಗೇ ಗೊತ್ತಾಯಿತಲ್ಲ, ನನ್ನ ತರಗತಿಯಲ್ಲಿ ಅಷ್ಟನ್ನು ಗುರುತಿಸುವ ಮಕ್ಕಳು ಕಡಿಮೆ. ನಾಲ್ಕರಲ್ಲಿ ಒಂದನ್ನು ಒತ್ತುವುದು ಗುರುತು ಹಿಡಿಯುವ ಕೆಲಸ. ಮುಖ ನೋಡಿದರೆ ಪರಿಚಯ ಸಿಗುತ್ತದೆ, ಹೆಸರು ಹೇಳಲು ಬರುವುದಿಲ್ಲ, ಹಾಗೆ.

ಹದಿನೆಂಟು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನನಗೆ ಖಚಿತವಾಗಿರುವ ಒಂದು ಸಂಗತಿ ಇದೆ. ಆ್ಯಪ್ ಆರಿಸುವಾಗ ಅದರಲ್ಲಿ ಎಷ್ಟು ಪಾಠಗಳಿವೆ ಎಂದು ನೋಡಬೇಡಿ. ಎರಡೇ ಎರಡು ಕೇಳಿಕೊಳ್ಳಿ. ನನ್ನ ಕೈಯಲ್ಲಿರುವ ವಸ್ತುವನ್ನು ಅದಕ್ಕೆ ಕೊಡಬಹುದೇ? ಅದು ತಪ್ಪಿದಾಗ, ಎಲ್ಲಿ ತಪ್ಪಿತು ಎಂದು ನನ್ನ ಕಣ್ಣಿಗೆ ಕಾಣುತ್ತದೆಯೇ? ನೀವು ಹಣ ಕಟ್ಟಿದ ಆ್ಯಪಿನಲ್ಲಿ ತಪ್ಪುತ್ತಿದ್ದವರು ನೀವು ಮಾತ್ರ, ಯಂತ್ರ ಒಮ್ಮೆಯೂ ತಪ್ಪಲಿಲ್ಲ. ಯಂತ್ರ ಹೇಗೆ ಕಲಿಯುತ್ತದೆ ಎಂದು ತಿಳಿಯಬೇಕಾದರೆ ಅದು ತಪ್ಪುವುದನ್ನು ಕುಳಿತು ನೋಡಲೇಬೇಕು.

ಹಾಗಾಗಿ ಮೊದಲ ವಾರ ಟೀಚಬಲ್ ಮಷೀನ್ ಎಂಬ ಜಾಲತಾಣ ತೆರೆಯಿರಿ. ಗೂಗಲ್ 2017ರಲ್ಲಿ ಹೊರತಂದದ್ದು, 2019ರಲ್ಲಿ ಹೊಸ ರೂಪ ಬಂತು. ಉಚಿತ, ನೋಂದಣಿ ಬೇಡ, ಕೋಡ್ ಬೇಡ. ಎರಡು ಗುಂಪು ಮಾಡಿ, ಪ್ರತಿ ಗುಂಪಿಗೂ ಕ್ಯಾಮೆರಾದಿಂದ ಚಿತ್ರಗಳನ್ನು ತುಂಬಿ, ತರಬೇತಿ ಗುಂಡಿ ಒತ್ತಿದರೆ ಎರಡು ನಿಮಿಷದಲ್ಲಿ ಮಾದರಿ, ಅಂದರೆ ಕಲಿತ ಯಂತ್ರ, ಸಿದ್ಧ. ತರಬೇತಿ ನಡೆಯುವಾಗ ಬೇರೆ ಟ್ಯಾಬಿಗೆ ಹೋಗಬೇಡಿ, ಕೆಲಸವೆಲ್ಲ ನಿಮ್ಮ ಬ್ರೌಸರಿನೊಳಗೇ ನಡೆಯುತ್ತಿರುತ್ತದೆ. ನೀವೇ ಉಳಿಸದ ಹೊರತು ಚಿತ್ರಗಳು ನಿಮ್ಮ ಯಂತ್ರ ಬಿಟ್ಟು ಹೋಗುವುದಿಲ್ಲ, ಇದು ನನಗೆ ಮುಖ್ಯ ಅನಿಸಿತು, ಏಕೆಂದರೆ ನಾನು ಮಕ್ಕಳ ಜೊತೆ ಕೆಲಸ ಮಾಡುವವನು. ನಿಮಗೆ ಕೊಡಲು ವಸ್ತು ಹುಡುಕಬೇಕಾಗಿಲ್ಲ. ಮನೆಯಲ್ಲಿ ಅಡಿಕೆ ಇದೆ. ಒಳ್ಳೆಯ ದರ್ಜೆಯ ಚಾಲಿ ಒಂದು ಗುಂಪು, ಅದಕ್ಕಿಂತ ಕೆಳದರ್ಜೆಯ ಬಿಳಿಗೋಟು ಇನ್ನೊಂದು ಗುಂಪು. ಫಲಿತಾಂಶ ಏನಾಗುತ್ತದೆ ಎಂದು ನಾನು ಈಗಲೇ ಹೇಳುವುದಿಲ್ಲ.

ಎರಡನೆಯ ವಾರ ಟೆನ್ಸರ್‌ಫ್ಲೋ ಪ್ಲೇಗ್ರೌಂಡ್, ಯಂತ್ರ ಕಲಿಯುವುದನ್ನು ಬ್ರೌಸರಿನಲ್ಲೇ ಚಿತ್ರವಾಗಿ ತೋರಿಸುವ ತಾಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಹೊಸಬರು ಇದನ್ನು ತೆರೆದು, ಗುಂಡಿಗಳನ್ನು ಕಂಡು ಹೆದರಿ ಮುಚ್ಚಿಬಿಡುತ್ತಾರೆ. ಪರದೆಯ ಬಲಗಡೆ ಒಂದು ಚೌಕವಿದೆ. ನಡುವೆ ನೀಲಿ ಚುಕ್ಕಿಗಳ ಗುಂಪು, ಅದರ ಸುತ್ತ ಬಳೆಯ ಹಾಗೆ ಕಿತ್ತಳೆ ಬಣ್ಣದ ಚುಕ್ಕಿಗಳು. ಎರಡನ್ನೂ ಬೇರ್ಪಡಿಸುವ ಗೆರೆ ಎಳೆಯುವುದು ಯಂತ್ರದ ಕೆಲಸ. ಮೇಲ್ಗಡೆ ಆ್ಯಕ್ಟಿವೇಶನ್ ಎಂಬಲ್ಲಿ ಲೀನಿಯರ್, ಅಂದರೆ ನೇರ ಗೆರೆ ಮಾತ್ರ ಎಳೆಯುವ ಆಯ್ಕೆ, ಆರಿಸಿ ಓಡಿಸಿ. ಎಷ್ಟು ಹೊತ್ತು ಕಾದರೂ ನಷ್ಟದ ಅಂಕಿ (ಯಂತ್ರ ಎಷ್ಟು ತಪ್ಪುತ್ತಿದೆ ಎಂಬ ಅಳತೆ) 0.5ರ ಹತ್ತಿರವೇ ಕುಳಿತಿರುತ್ತದೆ. ನೇರ ಗೆರೆಯೊಂದರಿಂದ ಬಳೆಯ ಒಳಗನ್ನೂ ಹೊರಗನ್ನೂ ಬೇರೆ ಮಾಡಲು ಸಾಧ್ಯವೇ? ನಡುವಿನ ಲೆಕ್ಕದ ಪದರ ಹೆಚ್ಚಿಸಿ, ಪದರದೊಳಗಿನ ಪುಟ್ಟ ಲೆಕ್ಕಗಾರರಾದ ನ್ಯೂರಾನ್ ಹೆಚ್ಚಿಸಿ, ಆಗುವುದಿಲ್ಲ. ಈಗ ಅದೇ ಜಾಗದಲ್ಲಿ ಟ್ಯಾನ್‌ಎಚ್, ಅಂದರೆ ಗೆರೆ ಬಾಗಲು ಬಿಡುವ ಆಯ್ಕೆ, ಆರಿಸಿ ಓಡಿಸಿ. ಗೆರೆ ಬಾಗತೊಡಗುತ್ತದೆ, ಮೂಲೆಯಿಂದ ಮೂಲೆಗೆ ಸರಿಯುತ್ತದೆ, ಕೆಲವೇ ಕ್ಷಣಗಳಲ್ಲಿ ನೀಲಿ ಗುಂಪಿನ ಸುತ್ತ ಮುಚ್ಚಿಕೊಳ್ಳುತ್ತದೆ. ಅದನ್ನು ನೋಡಿದ ದಿನ ನಾನು ಊಟಕ್ಕೂ ಏಳಲಿಲ್ಲ.

ಅಲ್ಲಿಗೆ ಬಿಡಬೇಡಿ. ಒಳಪದರಗಳನ್ನೆಲ್ಲ ತೆಗೆದುಹಾಕಿ. ಎಡಗಡೆ ಎರಡೂ ಅಕ್ಷಗಳ ವರ್ಗಗಳನ್ನು (X₁², X₂²) ಮಾತ್ರ ಆರಿಸಿ ಓಡಿಸಿ. ಒಂದೂ ಒಳಪದರವಿಲ್ಲದೆ ಕೆಲಸ ಮುಗಿಯುತ್ತದೆ! ವೃತ್ತದ ಸಮೀಕರಣದಲ್ಲಿ ಇರುವುದು ಆ ಎರಡು ವರ್ಗಗಳೇ ಅಲ್ಲವೇ? ಸರಿಯಾದ ಅಳತೆಯನ್ನು ನಾವೇ ಕೊಟ್ಟರೆ ಯಂತ್ರದ ಹೊರೆ ಎಷ್ಟು ಇಳಿಯುತ್ತದೆ ನೋಡಿ. ನಂತರ ಕಲಿಕೆಯ ದರವನ್ನು, ಅಂದರೆ ಪ್ರತಿ ಹೆಜ್ಜೆಗೆ ಯಂತ್ರ ತನ್ನನ್ನು ತಿದ್ದಿಕೊಳ್ಳುವ ಅಳತೆಯನ್ನು, 0.03ರಿಂದ 10ಕ್ಕೆ ಏರಿಸಿ ಓಡಿಸಿ. ಚಿತ್ರ ಬೆದರಿದ ಕರುವಿನ ಹಾಗೆ ನೆಗೆಯುತ್ತದೆ, ಇಲ್ಲವೇ ತಪ್ಪು ಜಾಗದಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಈ ಮೂರು ಪ್ರಯೋಗಗಳಿಗೆ ಒಂದೊಂದು ಸಂಜೆ ಕೊಡಿ, ಪ್ರತಿ ಸಲ ಗುಂಡಿ ಒತ್ತುವ ಮೊದಲು ಏನಾಗಬಹುದು ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಬರೆದುಕೊಳ್ಳುವ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಬಸವೇಶ್ವರನಗರದ ಮಿತ್ರರ ಮಾತು ಸರಿಯಾಗಿಯೇ ಇದೆ, ಕ್ಯಾಗಲ್ ಒಳ್ಳೆಯದು. ನನ್ನ ತಕರಾರು ಕ್ರಮದ ಬಗ್ಗೆ ಮಾತ್ರ. ಮೊದಲ ದಿನವೇ ಪೈಥಾನ್ ಹಿಡಿದರೆ, ಆವರಣ ಚಿಹ್ನೆ ಮರೆತದ್ದಕ್ಕೆ ಬರುವ ಕೆಂಪು ಸಾಲುಗಳನ್ನು ತಿದ್ದುವುದರಲ್ಲಿ ಮುಕ್ಕಾಲು ಗಂಟೆ ಮುಗಿಯುತ್ತದೆ, ಯಂತ್ರದ ಕಲಿಕೆ ಕಣ್ಣಿಗೇ ಬೀಳುವುದಿಲ್ಲ. ಮೂರನೆಯ ವಾರದಿಂದ ಅಲ್ಲಿಗೆ ಹೋಗಿ.

2021ರಲ್ಲಿ ಸಿಬಿಎಸ್‌ಇ, ಶಿಕ್ಷಣ ಸಚಿವಾಲಯ ಮತ್ತು ಇಂಟೆಲ್ ಸೇರಿ ತಂದ 'ಎಐ ಫಾರ್ ಆಲ್' ಎಂಬ ನಾಲ್ಕು ಗಂಟೆಯ ಪಾಠವೂ ಇದೆ. ಪರಿಚಯಕ್ಕೆ ಸಾಕು, ಕೈ ಪಳಗಲು ಸಾಲದು. ಮಗಳಿಗೆ ಬಿಡುವಿದ್ದರೆ ಇಬ್ಬರೂ 'ಕ್ವಿಕ್, ಡ್ರಾ' ಆಡಿ. 20 ಸೆಕೆಂಡಿನಲ್ಲಿ ನೀವು ಗೀಚಿದ್ದೇನು ಎಂದು ಯಂತ್ರ ಊಹಿಸುತ್ತದೆ, ಊಹಿಸಲು ಸೋತಾಗ ಬೇರೆಯವರು ಅದೇ ವಸ್ತುವನ್ನು ಹೇಗೆ ಬಿಡಿಸಿದ್ದರು ಎಂದೂ ತೋರಿಸುತ್ತದೆ.

ಒಂದು ಎಚ್ಚರಿಕೆ. ಸಂಘದ ಸದಸ್ಯರ ಖಾತೆಯ ವಿವರಗಳನ್ನು ಯಾವ ಆ್ಯಪಿಗೂ, ಯಾವ ಸಂಭಾಷಣೆಯ ತಂತ್ರಾಂಶಕ್ಕೂ ಅಭ್ಯಾಸಕ್ಕೆಂದು ಹಾಕಬೇಡಿ. ಅಭ್ಯಾಸಕ್ಕೆ ಅಡಿಕೆ ಸಾಕು.

ಎಸ್ಪೊ, ಫಿನ್‌ಲ್ಯಾಂಡ್

ಅಕ್ಕಾ, ನಾನು ಯಲ್ಲಾಪುರದವಳು, ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಹೆಲ್ಸಿಂಕಿ ವಿಶ್ವವಿದ್ಯಾಲಯ ಮತ್ತು ರಿಯಾಕ್ಟರ್ ಎಂಬ ತಂತ್ರಾಂಶ ಸಂಸ್ಥೆ ಸೇರಿ 2018ರಲ್ಲಿ ಶುರುಮಾಡಿದ 'ಎಲಿಮೆಂಟ್ಸ್ ಆಫ್ ಎಐ' ಎಂಬ ಉಚಿತ ಪಾಠವನ್ನು ನೋಡಿ. ಇಲ್ಲಿಯ ಜನರಲ್ಲಿ ನೂರಕ್ಕೆ ಒಬ್ಬರಿಗಾದರೂ ಕಲಿಸಬೇಕು ಎಂಬ ಗುರಿಯಿಂದ ಮಾಡಿದ್ದು, ತಂತ್ರಜ್ಞರಿಗಾಗಿ ಮಾಡಿದ್ದಲ್ಲ. ಇಂಗ್ಲಿಷ್ ಸರಳವಾಗಿದೆ. ಆರು ಅಧ್ಯಾಯಗಳು. ಒಂದು ಅಭ್ಯಾಸದಲ್ಲಿ ನರಿ, ಕೋಳಿ ಮತ್ತು ಕೋಳಿಯ ಕಾಳನ್ನು ದೋಣಿಯಲ್ಲಿ ದಾಟಿಸಬೇಕು. ನಮ್ಮ ಅಜ್ಜಿ ಹೇಳುತ್ತಿದ್ದ ಹುಲಿ, ಹಸು, ಹುಲ್ಲಿನ ಕಟ್ಟಿನ ಒಗಟೇ ಅದು! ಯಂತ್ರ ಅದನ್ನು ಹೇಗೆ ಬಿಡಿಸುತ್ತದೆ ಎಂದು ಕಾಗದದ ಮೇಲೆ ಒಂದೊಂದೇ ಸ್ಥಿತಿ ಬರೆಯುತ್ತಾ ಹೋದಾಗ ನನಗೆ ಮೊದಲ ಸಲ ಹುಡುಕಾಟ ಎಂದರೆ ಏನು ಎಂದು ತಿಳಿಯಿತು.

ಲೆಕ್ಕ ಬಲ್ಲ ನಿಮಗೆ ಮೂರನೆಯ ಅಧ್ಯಾಯ ಇಷ್ಟವಾಗುತ್ತದೆ. ನೂರು ಹೆಂಗಸರಲ್ಲಿ ಐವರಿಗೆ ಸ್ತನ ಕ್ಯಾನ್ಸರ್ ಇದೆ ಎಂದುಕೊಳ್ಳಿ. ರೋಗ ಇದ್ದವರಲ್ಲಿ ನೂರಕ್ಕೆ 80 ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ, ಇಲ್ಲದವರಲ್ಲಿಯೂ ನೂರಕ್ಕೆ 10 ಮಂದಿಗೆ ಇದೆ ಎನ್ನುತ್ತದೆ. ಪರೀಕ್ಷೆ 'ಇದೆ' ಎಂದರೆ ನಿಜವಾಗಿಯೂ ಇರುವ ಸಾಧ್ಯತೆ ಎಷ್ಟು? ನಾನು 80 ಎಂದುಕೊಂಡಿದ್ದೆ. ಐವರಲ್ಲಿ ನಾಲ್ವರು, ಉಳಿದ 95ರಲ್ಲಿ ಒಂಬತ್ತೂವರೆ; ಹದಿಮೂರೂವರೆಯಲ್ಲಿ ನಾಲ್ಕು, ಅಂದರೆ ನೂರಕ್ಕೆ 30 ಮಾತ್ರ. ಆ ವರ್ಷ ಅಮ್ಮನ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತಿದ್ದೆ, ಆ ಲೆಕ್ಕವನ್ನು ನಾನು ಮರೆಯುವುದಿಲ್ಲ.

ಲೆಕ್ಕದಮನೆ, ಶಿರಸಿ (ಹದಿನಾರು ದಿನಗಳ ನಂತರ)

ಮೇಷ್ಟ್ರೇ, ಎಲ್ಲರಿಗೂ ಮೊದಲು ಧನ್ಯವಾದ. ಚಂದಾ ರದ್ದಾಯಿತು. ಆದದ್ದನ್ನು ಹಾಗೆಯೇ ಬರೆಯುತ್ತೇನೆ.

ಮೊದಲ ದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಸ್ಟೀಲ್ ತಟ್ಟೆಯಲ್ಲಿ ಚಾಲಿ ಇಟ್ಟು 60 ಚಿತ್ರ ತೆಗೆದೆ. ಕಚೇರಿಯಿಂದ ಬಂದು, ಸಂಜೆ ಜಗಲಿಯಲ್ಲಿ ಗೋಣಿಚೀಲದ ಮೇಲೆ ಬಿಳಿಗೋಟು ಇಟ್ಟು ಮತ್ತೆ 60. ತರಬೇತಿ ಮುಗಿಯಿತು. ತಟ್ಟೆಯಲ್ಲಿ ಚಾಲಿ ಹಿಡಿದೆ, ಯಂತ್ರ ನೂರಕ್ಕೆ 99ರಷ್ಟು ಖಚಿತವಾಗಿ ಚಾಲಿ ಎಂದಿತು. ಚೀಲದ ಮೇಲೆ ಬಿಳಿಗೋಟು ಇಟ್ಟೆ, 99. ಕುಣಿಯುವಷ್ಟು ಸಂತೋಷವಾಯಿತು, ಅತ್ತೆಯನ್ನು ಕರೆದೆ. ಅವರಿಗೆ 73 ವರ್ಷ, ಐವತ್ತು ವರ್ಷದಿಂದ ಅಡಿಕೆ ಆರಿಸುತ್ತಿರುವವರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ತಟ್ಟೆಯಿಂದ ಒಂದು ಒಳ್ಳೆಯ ಚಾಲಿಯನ್ನು ಎತ್ತಿ ಚೀಲದ ಮೇಲೆ ಇಟ್ಟರು. ಬಿಳಿಗೋಟು, 98. ಆಮೇಲೆ ಅಡಿಕೆಯನ್ನೇ ತೆಗೆದುಬಿಟ್ಟರು. ಬರಿಯ ಚೀಲ. ಬಿಳಿಗೋಟು, 96.

"ಅದು ಚೀಲ ನೋಡುತ್ತಿದೆ, ಅಡಿಕೆ ನೋಡುತ್ತಿಲ್ಲ" ಎಂದರು ಅತ್ತೆ.

ಮೇಷ್ಟ್ರೇ, 41 ದಿನದಲ್ಲಿ ಅರ್ಥವಾಗದ್ದು ಆ ಒಂದು ಮಾತಿನಲ್ಲಿ ಅರ್ಥವಾಯಿತು. ಯಂತ್ರಕ್ಕೆ ನಾನು ಕೊಟ್ಟದ್ದು ಅಡಿಕೆ ಎಂದುಕೊಂಡಿದ್ದೆ. ಅದಕ್ಕೆ ಸಿಕ್ಕಿದ್ದು ತಟ್ಟೆ, ಚೀಲ, ಬೆಳಗಿನ ಬೆಳಕು, ಸಂಜೆಯ ಬೆಳಕು, ಜೊತೆಗೆ ಅಡಿಕೆ. ಅದರಲ್ಲಿ ಸುಲಭವಾದದ್ದನ್ನು ಅದು ಹಿಡಿದುಕೊಂಡಿತು. ಮಗಳಿಗೆ ಈಗ ಉತ್ತರ ಹೇಳಿದ್ದೇನೆ, ಅವಳಿಗೆ ತಿಳಿಯಿತು.

ಎರಡನೆಯ ಸಲ ಎಲ್ಲವನ್ನೂ ಒಂದೇ ಹಲಗೆಯ ಮೇಲೆ, ಅದೇ ಕಿಟಕಿಯ ಬಳಿ, ಎರಡು ಜಾತಿಯನ್ನೂ ಬೆರೆಸಿ ಬೆರೆಸಿ ತೆಗೆದೆ. ಬೇರೆ 50 ಅಡಿಕೆ ಇಟ್ಟು ಪರೀಕ್ಷಿಸಿದರೆ 41 ಸರಿ. ಆ 99ಕ್ಕಿಂತ ಈ 41 ನನಗೆ ಹೆಚ್ಚು ನಂಬಿಕೆ ಕೊಟ್ಟಿತು. ಆದರೆ ಇಲ್ಲಿ ಹೊಸದೊಂದು ತೊಡಕು ಎದ್ದಿತು. ಆ ಐವತ್ತರಲ್ಲಿ ಆರು ಅಡಿಕೆಗಳ ವಿಷಯದಲ್ಲಿ ನನಗೂ ಅತ್ತೆಗೂ ಒಮ್ಮತವಿರಲಿಲ್ಲ. ನಾನು ಚಾಲಿ ಎಂದದ್ದನ್ನು ಅವರು ಬಿಳಿಗೋಟು ಎಂದರು. ಅನುಮಾನ ಬಂದಾಗ ಅವರು ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಾರೆ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗೆ ನೋಡುತ್ತಾರೆ. ಕ್ಯಾಮೆರಾಕ್ಕೆ ಅಡಿಕೆಯ ಹೊರಮೈ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾದರೆ ಆ ಆರಕ್ಕೆ ಯಾವ ಹೆಸರು ಬರೆಯಲಿ?

ಪ್ಲೇಗ್ರೌಂಡ್ ಇನ್ನೂ ಅರ್ಧದಲ್ಲಿದೆ. ಬಳೆಯ ಪ್ರಯೋಗ ಮಾಡಿದೆ, ಗೆರೆ ಮುಚ್ಚಿಕೊಂಡಾಗ ನಾನೂ ಎದ್ದು ನಿಂತೆ.

ಗಣಿತ ಮೇಷ್ಟ್ರು, ತರೀಕೆರೆ

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಮಾಡಿದ ಪರೀಕ್ಷೆಯನ್ನು ಸೋಮವಾರ ನನ್ನ ಒಂಬತ್ತನೆಯ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ.

ಆ ಆರು ಅಡಿಕೆಗಳನ್ನು ಯಾವ ಗುಂಪಿಗೂ ಸೇರಿಸಬೇಡಿ. ಬೇರೆ ಡಬ್ಬಿಯಲ್ಲಿಟ್ಟು, ಮೇಲೆ 'ಒಮ್ಮತವಿಲ್ಲ' ಎಂದು ಚೀಟಿ ಅಂಟಿಸಿ. ಇಬ್ಬರು ಬಲ್ಲವರು ಒಪ್ಪದ ಕಡೆ ಯಂತ್ರದಿಂದ ಖಚಿತ ಉತ್ತರ ನಿರೀಕ್ಷಿಸುವಂತಿಲ್ಲ, ಅದು ಎಷ್ಟು ಅಡಿಕೆಗಳಲ್ಲಿ ಹಾಗಾಗುತ್ತದೆ ಎಂಬ ಲೆಕ್ಕ ನಿಮ್ಮ ಬಳಿ ಇರಬೇಕು. ಪರೀಕ್ಷೆಯ ಉಳಿದ 44ನ್ನು ಇನ್ನೊಂದು ಡಬ್ಬಿಯಲ್ಲಿಡಿ, ಎಷ್ಟೇ ಆಸೆಯಾದರೂ ತರಬೇತಿಗೆ ಬಳಸಬೇಡಿ.

ಕ್ಯಾಗಲ್‌ಗೆ ಹೋದಾಗ 'ಕನ್ನಡ ಎಂನಿಸ್ಟ್' ಎಂದು ಹುಡುಕಿ. 2019ರಲ್ಲಿ ಬೆಂಗಳೂರಿನ ಸ್ವಯಂಸೇವಕರಿಂದ ಕನ್ನಡ ಅಂಕಿಗಳನ್ನು ಕೈಯಲ್ಲಿ ಬರೆಸಿ ಮಾಡಿದ ಸಂಗ್ರಹ. ತರಬೇತಿಗೆ 60,000 ಚಿತ್ರ, ಪರೀಕ್ಷೆಗೆ 10,000. ೩ ಮತ್ತು ೭, ೬ ಮತ್ತು ೯ ಎಷ್ಟು ಹತ್ತಿರದ ನೆಂಟರು ಎಂದು ಅಲ್ಲಿ ಗೊತ್ತಾಗುತ್ತದೆ. ಅದರ ಜೊತೆಗೇ, ಕನ್ನಡ ಬರೆದು ರೂಢಿಯಿಲ್ಲದವರು ಬರೆದ ಹತ್ತು ಸಾವಿರ ಚಿತ್ರಗಳ ಬೇರೊಂದು ಸಂಗ್ರಹವಿದೆ. ಮೊದಲನೆಯದರಲ್ಲಿ ಚೆನ್ನಾಗಿ ಉತ್ತರಿಸುವ ಮಾದರಿ ಎರಡನೆಯದರಲ್ಲಿ ಎಡವುತ್ತದೆ. ನಿಮ್ಮ ತಟ್ಟೆ ಮತ್ತು ಚೀಲ ನೆನಪಾಗುತ್ತದೆ.

ಅಂದ ಹಾಗೆ, ಆ ಯಂತ್ರದವರು ಮತ್ತೆ ಬರುತ್ತಾರೆಯೇ?

ಲೆಕ್ಕದಮನೆ, ಶಿರಸಿ

ಮುಂದಿನ ತಿಂಗಳು ಬರುತ್ತಾರೆ. ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಯಂತ್ರಕ್ಕೆ ಯಾವ ಊರಿನ ಅಡಿಕೆ ತೋರಿಸಿ ಕಲಿಸಿದ್ದೀರಿ? ಅದಕ್ಕೆ ಹೆಸರು ಬರೆದವರು ಯಾರು, ಎಷ್ಟು ಜನ? ಅವರಲ್ಲಿ ಒಮ್ಮತವಿಲ್ಲದ ಅಡಿಕೆಯನ್ನು ಏನು ಮಾಡಿದಿರಿ? ನಾವು ನಮ್ಮ ಚೀಲದಿಂದ ತೆಗೆದ ನೂರು ಅಡಿಕೆಯನ್ನು ನಿಮ್ಮ ಎದುರಿಗೇ ಹಾಕಬಹುದೇ?

ಆ ನೂರನ್ನು ಅತ್ತೆ ಆರಿಸಲು ಕುಳಿತಿದ್ದಾರೆ.